ಮಸೂರದ ದೋಷವೂ ಬೆಳಕಿನ ಸುಳಿಯೂ

ಮಸೂರದ ದೋಷವು ಬಿಂಬವನ್ನು ಕೆಡಿಸತಕ್ಕದ್ದು, ಆದುದರಿಂದ ಪರಿಹರಿಸತಕ್ಕದ್ದು ಎಂಬುದು ದೃಗ್ವಿಜ್ಞಾನದ ಹಳೆಯ ಮತ. ಈ ಮತಕ್ಕೆ ತಿದ್ದುಪಡಿಯು ಒದಗಿದ ಬಗೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವೆವು.

ಇಂಗ್ಲೆಂಡಿನ ಥಾಮಸ್ ಯಂಗನು ತನ್ನ ಕಣ್ಣಿನ ನಾಭಿದೂರವು ನಿಲುವಿನಲ್ಲಿ ಒಂದು, ಅಡ್ಡದಲ್ಲಿ ಮತ್ತೊಂದು ಎಂಬುದನ್ನು 1801ರಲ್ಲಿ ಪ್ರಕಟಿಸಿದನು. ಖಗೋಳಜ್ಞನಾದ ಜಾರ್ಜ್ ಏರಿಯು ತನ್ನ ಎಡಗಣ್ಣಿನ ಇಂತಹುದೇ ಕೊರತೆಯನ್ನು 1825ರಲ್ಲಿ ವಿವರಿಸಿ, ಉರುಳೆಯಂತೆ ಬಾಗಿದ ಮೈಯುಳ್ಳ ಮಸೂರದಿಂದ ನೀಗಿಕೊಂಡನು. ಈ ದೋಷಕ್ಕೆ ಅಸ್ಟಿಗ್ಮಾಟಿಸಮ್ ಎಂದು ಹೆಸರು. ಅದನ್ನು ಕಳೆಯುವುದಷ್ಟೇ ಆಗಿನ ಉದ್ದೇಶವಾಗಿದ್ದಿತು.

ಬೆಳಕಿನ ಸುಳಿಯ ವಿಚಾರವು ಬಹು ಈಚಿನದು. ಹರಳುಗಳಲ್ಲಿರುವಂತೆ ಅಲೆಗಳ ಸಾಲಿನಲ್ಲಿಯೂ ಜೋಡಣೆ ತಪ್ಪಿದ ಎಡೆಗಳುಂಟೆಂದು ಬ್ರಿಸ್ಟಲಿನ ನೈ ಮತ್ತು ಬೆರ್ರಿ ಎಂಬ ವಿದ್ವಾಂಸರು 1974ರಲ್ಲಿ ತೋರಿಸಿದರು. ಸುಳಿಯಲ್ಲಿ ಅಲೆಯ ಮುಖವು ತಿರುಪಿನ ಮೆಟ್ಟಿಲಿನಂತೆ ಸುತ್ತುತ್ತದೆ. ನಡುವೆ ಬೆಳಕು ಶೂನ್ಯ. ಒಂದು ಸುತ್ತಿಗೆ ಎಷ್ಟು ಅಲೆಯುದ್ದಗಳ ಏರಿಕೆಯಾಗುವುದೋ ಅದೇ ಸುಳಿಯ ಎಣಿಕೆ. ಇಂತಹ ಲೇಸರ್ ಕಿರಣಪುಂಜಗಳಿಗೆ ಈ ಎಣಿಕೆಗೆ ಅನುಗುಣವಾದ ಕೋನಸಂವೇಗವಿರುವುದೆಂದು ಲೈಡನ್ನಿನಲ್ಲಿ ಆಲನ್ ಮೊದಲಾದವರು 1992ರಲ್ಲಿ ಪ್ರತಿಪಾದಿಸಿದರು. ಸುಳಿಯಿಲ್ಲದ ಪುಂಜವನ್ನು ಸುಳಿಯಾಗಿಸಲು ಅವರು ಹಿಡಿದ ಸಾಧನವು ಉರುಳೆ ಮಸೂರಗಳ ಜೋಡಿ. ಎಂದರೆ, ಬೇಕೆಂದೇ ತಂದುಕೊಂಡ ಅಸ್ಟಿಗ್ಮಾಟಿಸಮ್.

ಇಂತಹ ಪುಂಜವು ದೋಷವುಳ್ಳ ಮಸೂರವನ್ನು ಹೊಕ್ಕರೆ ಆಗುವುದೇನು? ಎಣಿಕೆ 3 ಆಗಿರುವ ಸುಳಿಯನ್ನು ತೆಗೆದುಕೊಳ್ಳೋಣ. ನಿರ್ದೋಷವಾದ ಮಸೂರದ ನಾಭಿಯಲ್ಲಿ ಅದು ನಡುವೆ ಕತ್ತಲೆಯುಳ್ಳ ದುಂಡು ಉಂಗುರವಾಗಿಯೇ ಉಳಿಯುತ್ತದೆ. ಮಸೂರವು ತುಸು ಓರೆಯಾದರೆ ಆ ಕತ್ತಲೆಯು ಒಡೆದು, ಎಣಿಕೆ 1 ಆಗಿರುವ ಮೂರು ಸುಳಿಗಳಾಗುತ್ತದೆ. ಕೂಡಿದರೆ ಮೊತ್ತವು ಮೊದಲಿನಷ್ಟೇ. ಓರೆಯು ಸಾಕಷ್ಟು ಹೆಚ್ಚಿದಾಗ, ನಾಭಿಯ ಬಳಿ ತಕ್ಕ ಎಡೆಯಲ್ಲಿ, ಮೂರು ಕರಿಯ ಪಟ್ಟೆಗಳು ಕಾಣುತ್ತವೆ. ಹೀಗೆ ಸಾಮಾನ್ಯವಾದ ಉಬ್ಬುಮಸೂರವನ್ನು ಓರೆಯಾಗಿಟ್ಟು, ಪಟ್ಟೆಗಳಿಂದ ಎಣಿಕೆಯನ್ನೂ ಅವು ವಾಲುವ ಕಡೆಯಿಂದ ಸುತ್ತಿನ ದಿಕ್ಕನ್ನೂ ಅರಿಯುವ ಕ್ರಮವನ್ನು ಅಹಮದಾಬಾದಿನ ಭೌತವಿಜ್ಞಾನ ಸಂಶೋಧನಾಲಯದ ವಿದ್ವಾಂಸರು 2013ರಲ್ಲಿ ಪ್ರಕಟಿಸಿದರು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಬಲಸುಳಿಯೇ ಆಗಲಿ ಎಡಸುಳಿಯೇ ಆಗಲಿ, ನಿರ್ದೋಷವಾದ ಮಸೂರವು ತೋರಿಸುವುದು ಒಂದೇ ಬಗೆಯ ಉಂಗುರವನ್ನು. ಅವುಗಳ ಭೇದವು ಕಣ್ಣಿಗೆ ಬೀಳುವುದು ಮಸೂರದ ಕೊರತೆಯಿಂದಲೇ. ನಮ್ಮ ಆಲಂಕಾರಿಕರು ಕಾವ್ಯದೋಷಗಳನ್ನು ನಿತ್ಯವೆಂದೂ ಅನಿತ್ಯವೆಂದೂ ವಿಂಗಡಿಸಿ, ಎರಡನೆಯವು ಸಂದರ್ಭವಿಶೇಷದಲ್ಲಿ ದೋಷವಾಗವೆಂದು ಹೇಳಿರುವರಷ್ಟೆ. ಅಸ್ಟಿಗ್ಮಾಟಿಸಮನ್ನು ಅನಿತ್ಯದೋಷಗಳ ಸಾಲಿಗೆ ಸೇರಿಸುವುದು ಯುಕ್ತವೆಂದು ತೋರುತ್ತದೆ. ಬಿಂಬವನ್ನು ಬಯಸುವವನಿಗೆ ಅದು ಕೇಡು. ಸುಳಿಯನ್ನು ಅರಿಯಬಯಸುವವನಿಗೆ ಅದೇ ಪ್ರಮಾಣ.