ಗುದ್ದಲಿ ಹಿಡಿದು ಬಂದ ಅತಿಥಿಗಳು
ಅಂತಾರಾಷ್ಟ್ರೀಯ ಸೇವಾ ಶಿಬಿರಗಳ ಇತಿಹಾಸದತ್ತ ಒಂದು ನೋಟ

ಮನುಷ್ಯನು ಹಿಂದಿನಿಂದಲೂ ಪರದೇಶಗಳಿಗೆ ಪ್ರಯಾಣ ಮಾಡುತ್ತಾ ಬಂದಿದ್ದಾನೆ. ವ್ಯಾಪಾರಕ್ಕಾಗಿ ಹೋದವರಿದ್ದಾರೆ, ವಿದ್ಯೆಗಾಗಿ ಹೋದವರಿದ್ದಾರೆ, ತೀರ್ಥಯಾತ್ರೆಗಾಗಿ ಹೋದವರಿದ್ದಾರೆ. ಸೈನ್ಯ ಕಟ್ಟಿಕೊಂಡು ಹೋದವರಿಗೂ ಕೊರತೆಯಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಇವುಗಳ ಸಾಲಿಗೆ ಹೊಸದೊಂದು ಬಗೆಯ ಪ್ರಯಾಣ ಸೇರಿಕೊಂಡಿತು. ಅಪರಿಚಿತ ದೇಶದ ಒಂದು ಹಳ್ಳಿಗೆ ಹೋಗುವುದು, ಅಲ್ಲಿಯ ಜನರೊಂದಿಗೆ ಕೆಲವು ವಾರ ಅಥವಾ ತಿಂಗಳು ಬದುಕುವುದು, ಅವರು ಉಣ್ಣುವುದನ್ನೇ ಉಂಡು ಅವರ ಜೊತೆ ಮಣ್ಣು ಹೊರುವುದು, ಬಳಿಕ ಊರಿಗೆ ಮರಳುವುದು. ಇಂದು ಜಗತ್ತಿನಾದ್ಯಂತ ಅನೇಕ ಸೇವಾ ಸಂಸ್ಥೆಗಳು ಇಂತಹ ಕಾರ್ಯಕ್ರಮಗಳನ್ನು ನಡೆಸುತ್ತಿವೆ. ವಿದೇಶದಲ್ಲಿ ಓದಬಯಸುವ ನಮ್ಮ ವಿದ್ಯಾರ್ಥಿಗಳ ಮುಂದೆಯೂ ಇಂತಹ ಅವಕಾಶಗಳು ಬರುತ್ತಿವೆ. ಹಾಗಾಗಿ ಇದರ ಮೂಲ ಯಾವುದು, ಇದು ಸಾಧಿಸಿದ್ದೇನು, ಎಡವಿದ್ದು ಎಲ್ಲಿ ಎಂಬುದನ್ನು ತಿಳಿಯುವುದು ಉಪಯುಕ್ತ.

ವೆರ್ದನ್‌ನ ಅವಶೇಷಗಳ ನಡುವೆ

ಈ ಕಥೆ ಆರಂಭವಾಗುವುದು ಮೊದಲ ಮಹಾಯುದ್ಧದ ಬೂದಿಯಿಂದ. 1916ರಲ್ಲಿ ಫ್ರಾನ್ಸಿನ ವೆರ್ದನ್ ಪಟ್ಟಣದ ಸುತ್ತ ಹತ್ತು ತಿಂಗಳ ಕಾಲ ನಡೆದ ಕಾಳಗದಲ್ಲಿ ಜರ್ಮನ್ ಮತ್ತು ಫ್ರೆಂಚ್ ಕಡೆಗಳಲ್ಲಿ ಒಟ್ಟು ಸುಮಾರು 7 ಲಕ್ಷ ಸೈನಿಕರು ಸತ್ತರು ಅಥವಾ ಗಾಯಗೊಂಡರು. ಸುತ್ತಲಿನ ಹಳ್ಳಿಗಳು ನೆಲಸಮವಾದವು. ಹೊಲಗಳಲ್ಲಿ ಪೈರಿನ ಬದಲು ಫಿರಂಗಿ ಗುಂಡು ತೋಡಿದ ಹೊಂಡಗಳಿದ್ದವು.

ಯುದ್ಧ ಮುಗಿದ ಬಳಿಕ ಶಾಂತಿಪ್ರಿಯರ ಗುಂಪೊಂದು ಹಾಲೆಂಡಿನ ಬಿಲ್ತೋವನ್ ಎಂಬಲ್ಲಿ ಸಭೆ ಸೇರಿತು. 1920ರ ಸಭೆಯಲ್ಲಿ ಜರ್ಮನ್ ಸದಸ್ಯರೊಬ್ಬರು ಎದ್ದುನಿಂತು, ತನ್ನ ಸ್ವಂತ ಸಹೋದರನೇ ಫ್ರಾನ್ಸಿನ ನೆಲವನ್ನು ಹಾಳುಗೆಡವಿದ ಸೈನ್ಯದಲ್ಲಿದ್ದ, ಆ ನೆಲವನ್ನು ಮತ್ತೆ ಕಟ್ಟಲು ತಾನು ಹೋಗಬಯಸುತ್ತೇನೆ ಎಂಬರ್ಥದ ಮಾತನ್ನಾಡಿದರು. ಸಭೆಯಲ್ಲಿದ್ದ ಸ್ವಿಸ್ ಇಂಜಿನಿಯರ್ ಪಿಯರ್ ಸೆರೆಸೋಲ್ ಆ ಮಾತನ್ನು ಮಾತಾಗಿಯೇ ಉಳಿಯಲು ಬಿಡಲಿಲ್ಲ.

ಸೆರೆಸೋಲ್ (1879–1945) ಸಾಮಾನ್ಯ ಮನೆತನದವರಲ್ಲ. ಅವರ ತಂದೆ ಪಾಲ್ ಸೆರೆಸೋಲ್ ಸ್ವಿಟ್ಜರ್ಲೆಂಡಿನ ಅಧ್ಯಕ್ಷರಾಗಿದ್ದವರು. ಮಗ ಗಣಿತ ಮತ್ತು ಇಂಜಿನಿಯರಿಂಗ್ ಓದಿ, ಅಮೆರಿಕ, ಹವಾಯಿ, ಜಪಾನ್‌ಗಳಲ್ಲಿ ದುಡಿದು ಬಂದರು. ಪಿತ್ರಾರ್ಜಿತ ಸಂಪತ್ತನ್ನು ದೇಶಕ್ಕೆ ಬಿಟ್ಟುಕೊಟ್ಟರು. 1917ರಲ್ಲಿ ಸೈನಿಕ ತೆರಿಗೆ ಕೊಡಲು ನಿರಾಕರಿಸಿ ಜೈಲು ಸೇರಿದರು. ಆದರೆ ಯುದ್ಧವನ್ನು ವಿರೋಧಿಸುವುದಷ್ಟೇ ಸಾಲದು ಎಂಬುದು ಅವರ ನಿಲುವಾಗಿತ್ತು. ಸೈನಿಕನು ಶಿಸ್ತು, ಶ್ರಮ, ತ್ಯಾಗಗಳನ್ನು ನಾಶಕ್ಕಾಗಿ ಬಳಸುತ್ತಾನೆ. ಅದೇ ಶಿಸ್ತು, ಶ್ರಮ, ತ್ಯಾಗಗಳನ್ನು ಕಟ್ಟುವುದಕ್ಕಾಗಿ ಬಳಸುವ ಒಂದು ಪಡೆ ಬೇಕು ಎಂದು ಅವರು ಯೋಚಿಸಿದರು.

1920ರ ನವೆಂಬರ್‌ನಲ್ಲಿ ವೆರ್ದನ್ ಬಳಿಯ ಎಸ್ನ್ ಎಂಬ ಹಳ್ಳಿಗೆ ಒಂದು ಸಣ್ಣ ತಂಡ ಬಂದಿಳಿಯಿತು. ಅದರಲ್ಲಿ ಸ್ವಿಸ್, ಇಂಗ್ಲಿಷ್ ಮತ್ತು ಜರ್ಮನ್ ಸ್ವಯಂಸೇವಕರಿದ್ದರು. ಚಳಿಗಾಲದುದ್ದಕ್ಕೂ ಅವರು ಅವಶೇಷಗಳನ್ನು ತೆರವುಗೊಳಿಸಿದರು, ಗುಂಡಿಗಳನ್ನು ಮುಚ್ಚಿದರು, ದಾರಿ ಸರಿಪಡಿಸಿದರು, ಮರದ ವಸತಿಗಳನ್ನು ಎಬ್ಬಿಸಿದರು. ಆದರೆ ಜರ್ಮನರು ಅಲ್ಲಿರುವುದಕ್ಕೆ ಆಕ್ಷೇಪಗಳು ಬಂದವು. ಮಕ್ಕಳನ್ನು ಕಳೆದುಕೊಂಡವರ ಊರಿನಲ್ಲಿ ಹಾಗಾದದ್ದರಲ್ಲಿ ಆಶ್ಚರ್ಯವಿಲ್ಲ. ಜರ್ಮನ್ ಸಂಗಾತಿಗಳನ್ನು ಬಿಟ್ಟು ಕೆಲಸ ಮುಂದುವರಿಸಲು ತಂಡ ಒಪ್ಪಲಿಲ್ಲ. 1921ರ ವಸಂತದಲ್ಲಿ ಎಲ್ಲರೂ ಹೊರಟುಹೋದರು.

ಅಂದರೆ ಜಗತ್ತಿನ ಮೊದಲ ಅಂತಾರಾಷ್ಟ್ರೀಯ ಸೇವಾ ಶಿಬಿರವೆಂದು ಇಂದು ಸ್ಮರಿಸಲಾಗುವ ಪ್ರಯತ್ನ ಅಂದಿನ ಲೆಕ್ಕದಲ್ಲಿ ಸೋಲಾಗಿತ್ತು. ಆದರೆ ಅದು ಒಂದು ಪಾಠವನ್ನು ಬಿಟ್ಟುಹೋಯಿತು. ಸದುದ್ದೇಶವಿದ್ದ ಮಾತ್ರಕ್ಕೆ ಯಾರ ಊರಿಗೂ ಪ್ರವೇಶದ ಹಕ್ಕು ಸಿಗುವುದಿಲ್ಲ. ನೊಂದವರು ಬಾಗಿಲು ತೆರೆಯುವವರೆಗೆ ಕಾಯಬೇಕಾಗುತ್ತದೆ.

ಹಿಮಪಾತ, ಪ್ರವಾಹ ಮತ್ತು ಏಳುನೂರು ಜನ

ಸೆರೆಸೋಲ್ ಕಾದರು. 1924ರಲ್ಲಿ ಸ್ವಿಟ್ಜರ್ಲೆಂಡಿನ ಕಣಿವೆಯೊಂದರಲ್ಲಿ ಹಿಮಪಾತದಿಂದ ಹಾನಿಯಾದಾಗ ಅವರು ಮತ್ತೆ ತಂಡ ಕಟ್ಟಿದರು. ಕುತೂಹಲದ ಸಂಗತಿಯೆಂದರೆ, ಆ ಕೆಲಸದ ನೇತೃತ್ವದಲ್ಲಿ ಅವರಿಗೆ ಜೊತೆಯಾದವರು ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಅವರ ಅಣ್ಣತಮ್ಮಂದಿರಲ್ಲೊಬ್ಬರಾದ ಅರ್ನೆಸ್ಟ್. ಯುದ್ಧದ ಬಗ್ಗೆ ಭಿನ್ನಾಭಿಪ್ರಾಯವಿದ್ದ ಇಬ್ಬರು ಒಂದೇ ಕಲ್ಲುರಾಶಿಯನ್ನು ಸರಿಸಿದರು.

1927ರಲ್ಲಿ ರೈನ್ ನದಿ ದಂಡೆಯೊಡೆದು ಲೀಚ್ಟೆನ್‌ಸ್ಟೈನ್ ಎಂಬ ಪುಟ್ಟ ದೇಶದ ಹೊಲಗಳನ್ನು ಕೆಸರು ಮತ್ತು ಜಲ್ಲಿಯಿಂದ ಮುಚ್ಚಿತು. 1928ರಲ್ಲಿ ಅಲ್ಲಿಗೆ ಬೇರೆ ಬೇರೆ ದೇಶಗಳಿಂದ 700ಕ್ಕೂ ಹೆಚ್ಚು ಸ್ವಯಂಸೇವಕರು ಬಂದು, ಸರದಿಯಂತೆ ತಿಂಗಳುಗಟ್ಟಲೆ ದುಡಿದು ಹೊಲಗಳನ್ನು ಬಿಡಿಸಿಕೊಟ್ಟರು. ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ನಿಜವಾಗಿ ಬೇರೂರಿದ್ದು ಇಂತಹ ಕೆಲಸಗಳಿಂದ. ಮಾತಲ್ಲ, ಕೃತಿ ಎಂಬುದು ಅದರ ಧ್ಯೇಯವಾಯಿತು. ಸ್ವಯಂಸೇವಕರಿಗೆ ಸಂಬಳವಿಲ್ಲ, ಊಟ ಮತ್ತು ವಸತಿ ಮಾತ್ರ. ಸ್ಥಳೀಯ ಕೂಲಿಕಾರರ ಕೆಲಸವನ್ನು ಕಸಿದುಕೊಳ್ಳಬಾರದು ಎಂಬುದೂ ಅದರ ನಿಯಮಗಳಲ್ಲೊಂದು.

ಬಿಹಾರಕ್ಕೆ ಬಂದ ಇಂಜಿನಿಯರ್

1934ರ ಜನವರಿ 15ರಂದು ಬಿಹಾರ ಮತ್ತು ನೇಪಾಳದಲ್ಲಿ ಭೀಕರ ಭೂಕಂಪ ಸಂಭವಿಸಿತು. ಸತ್ತವರ ಸಂಖ್ಯೆ ಹತ್ತು ಸಾವಿರವನ್ನು ಮೀರಿತು. ಮುಂಗೇರ್ ಮತ್ತು ಮುಜಫ್ಫರ್‌ಪುರ ಪಟ್ಟಣಗಳು ಕುಸಿದವು. ನೆಲ ಬಿರಿದು ಮರಳು ಮತ್ತು ನೀರು ಮೇಲೆ ಚಿಮ್ಮಿ ಹೊಲಗಳನ್ನು ಆವರಿಸಿದವು, ಬಾವಿಗಳು ಮರಳಿನಿಂದ ತುಂಬಿಹೋದವು. ಜೈಲಿನಲ್ಲಿದ್ದ ಬಾಬು ರಾಜೇಂದ್ರ ಪ್ರಸಾದರು ಬಿಡುಗಡೆಯಾಗಿ ಪರಿಹಾರ ಸಮಿತಿಯ ನೇತೃತ್ವ ವಹಿಸಿದರು.

ಈ ಸುದ್ದಿ ಯುರೋಪಿನಲ್ಲಿದ್ದ ಸೆರೆಸೋಲರನ್ನು ತಲುಪಿತು. 1931ರ ಡಿಸೆಂಬರ್‌ನಲ್ಲಿ ಗಾಂಧೀಜಿ ಸ್ವಿಟ್ಜರ್ಲೆಂಡಿಗೆ ಭೇಟಿ ನೀಡಿದ್ದಾಗ ಅವರ ಪರಿಚಯವಾಗಿತ್ತು. 1934ರಲ್ಲಿ ಸೆರೆಸೋಲ್ ಭಾರತಕ್ಕೆ ಬಂದರು. 1937ರವರೆಗೆ ಅವರು ಮತ್ತು ಬೆರಳೆಣಿಕೆಯ ಯುರೋಪಿಯನ್ ಸಂಗಾತಿಗಳು ಮುಜಫ್ಫರ್‌ಪುರ ಜಿಲ್ಲೆಯಲ್ಲಿ ಹಲವು ಅವಧಿಗಳ ಕಾಲ ದುಡಿದರು. ಪ್ರವಾಹದ ಹೊಡೆತಕ್ಕೆ ಸಿಲುಕಿದ ತಗ್ಗಿನ ಹಳ್ಳಿಗಳ ಜನರಿಗೆ ಎತ್ತರದ ಜಾಗದಲ್ಲಿ ಹೊಸ ವಸತಿಗಳನ್ನು ಕಟ್ಟುವುದು ಅವರ ಮುಖ್ಯ ಕೆಲಸವಾಗಿತ್ತು.

ಇಲ್ಲಿ ಒಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಬಿಹಾರದಲ್ಲಿ ದುಡಿಯುವ ಕೈಗಳಿಗೆ ಕೊರತೆಯಿತ್ತೇ? ಇರಲಿಲ್ಲ. ಕೂಲಿಗಾಗಿ ಕಾಯುವ ಸಾವಿರಾರು ಜನರಿದ್ದರು. ಲೀಚ್ಟೆನ್‌ಸ್ಟೈನ್‌ನಲ್ಲಿ 700 ಜನರ ಶ್ರಮಕ್ಕೆ ಲೆಕ್ಕದಲ್ಲಿ ಬೆಲೆಯಿತ್ತು. ಬಿಹಾರದಲ್ಲಿ ಮೂರ್ನಾಲ್ಕು ಯುರೋಪಿಯನ್ನರು ಹೊತ್ತ ಮಣ್ಣಿಗೆ ಅಂತಹ ಬೆಲೆಯಿರಲಿಲ್ಲ. ಅವರ ಪ್ರಯಾಣದ ಖರ್ಚನ್ನೇ ಕೂಲಿಯಾಗಿ ಹಂಚಿದ್ದರೆ ಹೆಚ್ಚು ಮಣ್ಣು ಬೀಳುತ್ತಿತ್ತು ಎಂದು ಯಾರಾದರೂ ವಾದಿಸಿದರೆ ತಳ್ಳಿಹಾಕುವಂತಿಲ್ಲ.

ಆದರೆ ಆ ಕಾಲದ ಪರಿಸ್ಥಿತಿಯನ್ನು ನೆನಪಿಸಿಕೊಳ್ಳಬೇಕು. ಅದು ಕಾನೂನುಭಂಗ ಚಳವಳಿಯ ಬೆನ್ನಲ್ಲೇ ಬಂದ ಕಾಲ. ಬ್ರಿಟಿಷ್ ಅಧಿಕಾರಿಗಳೂ ಕಾಂಗ್ರೆಸ್ ಕಾರ್ಯಕರ್ತರೂ ಪರಸ್ಪರ ನಂಬದ ದಿನಗಳು. ಸೆರೆಸೋಲ್ ಇಬ್ಬರೊಂದಿಗೂ ಕೆಲಸ ಮಾಡಿದರು. ಭಾರತೀಯನು ಬಿಳಿಯನನ್ನು ಬಹುಮಟ್ಟಿಗೆ ಕಂಡದ್ದು ಕುದುರೆಯ ಮೇಲೆ ಅಥವಾ ಮೇಜಿನ ಆಚೆ. ಅಧ್ಯಕ್ಷರ ಮಗನಾದ ಬಿಳಿಯನೊಬ್ಬ ಬುಟ್ಟಿ ಹಿಡಿದು ಮಣ್ಣು ಹೊರುವುದನ್ನು ಆ ಹಳ್ಳಿಗರು ಕಂಡರು. ಮಣ್ಣು ಹೊರುವುದು ಕೀಳು ಜಾತಿಯವರ ಪಾಲಿನ ಕೆಲಸ ಎಂಬ ಭಾವನೆ ಗಟ್ಟಿಯಾಗಿದ್ದ ಸಮಾಜದಲ್ಲಿ ಅದಕ್ಕೆ ತನ್ನದೇ ಆದ ಅರ್ಥವಿತ್ತು. ಯುರೋಪಿನವರಿಗೂ ಅದರಿಂದ ಲಾಭವಾಯಿತು. ಭಾರತದ ಬಡತನ ಅವರಿಗೆ ಪತ್ರಿಕೆಯ ಸುದ್ದಿಯಾಗಿ ಉಳಿಯಲಿಲ್ಲ, ಹೆಸರು ಮತ್ತು ಮುಖವುಳ್ಳ ನೆರೆಹೊರೆಯಾಯಿತು.

ಎರಡನೇ ಮಹಾಯುದ್ಧದ ಬಳಿಕ ಈ ಬಗೆಯ ಶಿಬಿರಗಳು ಹಲವು ದೇಶಗಳಿಗೆ ಹರಡಿದವು. 1948ರಲ್ಲಿ ಯುನೆಸ್ಕೋದ ಆಶ್ರಯದಲ್ಲಿ ಇಂತಹ ಸಂಸ್ಥೆಗಳ ಸಮನ್ವಯ ಸಮಿತಿಯೊಂದು ರಚನೆಯಾಯಿತು. ನಮ್ಮ ದೇಶದಲ್ಲಿ ಗಾಂಧಿ ಶತಮಾನೋತ್ಸವದ ವರ್ಷವಾದ 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್, ವಿದ್ಯಾರ್ಥಿಗಳನ್ನು ಹಳ್ಳಿಗೆ ಕರೆದೊಯ್ಯುವ ಇದೇ ಜಾತಿಯ ಪ್ರಯತ್ನ. ವಿಶೇಷ ಶಿಬಿರದಲ್ಲಿ ಏಳು ದಿನ ರಸ್ತೆ ರಿಪೇರಿ, ಶ್ರಮದಾನ ಮಾಡಿದವರು ನಮ್ಮ ಓದುಗರಲ್ಲಿ ಅನೇಕರಿರಬಹುದು.

ಮನೆಯೇ ಪಾಠಶಾಲೆ

ಇದಕ್ಕೆ ಸಮಾನಾಂತರವಾಗಿ ಇನ್ನೊಂದು ಪ್ರಯೋಗವೂ ನಡೆಯಿತು. 1932ರಲ್ಲಿ ಡೊನಾಲ್ಡ್ ವಾಟ್ ಎಂಬ ಅಮೆರಿಕನ್ ತರುಣರ ಗುಂಪೊಂದನ್ನು ಯುರೋಪಿಗೆ ಕರೆದೊಯ್ದರು. ಬೇರೆ ಬೇರೆ ದೇಶದವರನ್ನು ಒಂದೇ ಶಿಬಿರದಲ್ಲಿರಿಸಿದರೆ ಅವರು ಒಂದಾಗುತ್ತಾರೆ ಎಂದು ಅವರು ಭಾವಿಸಿದ್ದರು. ಆದರೆ ತಮ್ಮ ತಮ್ಮ ಭಾಷೆಯವರೊಡನೆಯೇ ಗುಂಪುಗೂಡುವುದು ಹುಡುಗರ ಸ್ವಭಾವ. ಮುಂದೆ ವಾಟ್ ಪ್ರತಿಯೊಬ್ಬನನ್ನೂ ಒಂದೊಂದು ಮನೆಯಲ್ಲಿ ಇರಿಸುವ ಕ್ರಮ ತಂದರು. ಅಡುಗೆಮನೆಯಲ್ಲಿ ಬೇರೆ ದಾರಿಯಿಲ್ಲ, ಆ ಮನೆಯವರ ಭಾಷೆ ಕಲಿಯಲೇಬೇಕು. ಇದೇ ಕ್ರಮ ಇಂದು ಹೋಮ್‌ಸ್ಟೇ ಎಂಬ ಹೆಸರಿನಿಂದ ಪರಿಚಿತ. 1934ರಲ್ಲಿ ಈ ಕಾರ್ಯಕ್ರಮದಲ್ಲಿ ಜರ್ಮನಿಗೆ ಹೋಗಿದ್ದ ಸಾರ್ಜೆಂಟ್ ಶ್ರೈವರ್ 1961ರಲ್ಲಿ ಅಮೆರಿಕದ ಪೀಸ್ ಕೋರ್‌ನ ಮೊದಲ ನಿರ್ದೇಶಕರಾದರು.

ಯುದ್ಧಗಳಲ್ಲಿ ಗಾಯಾಳುಗಳನ್ನು ಸಾಗಿಸುತ್ತಿದ್ದ ಅಮೆರಿಕದ ಸ್ವಯಂಸೇವಕ ಆಂಬ್ಯುಲೆನ್ಸ್ ಚಾಲಕರ ಸಂಸ್ಥೆಯಾದ ಎಎಫ್‌ಎಸ್ ಕೂಡ 1947ರಲ್ಲಿ ಇದೇ ದಾರಿ ಹಿಡಿಯಿತು. ಆ ವರ್ಷ ಅಮೆರಿಕದ ಶಾಲೆಗಳಿಗೆ ಬಂದ 52 ವಿದ್ಯಾರ್ಥಿಗಳಲ್ಲಿ ಸಿರಿಯಾದವರೂ ಇದ್ದರು. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಪರಸ್ಪರ ಅನುಮಾನ ಬೆಳೆದಾಗ, ಸೆನೆಟರ್‌ಗಳಾದ ಎಡ್ವರ್ಡ್ ಕೆನಡಿ ಮತ್ತು ರಿಚರ್ಡ್ ಲೂಗರ್ ಅವರ ಹೆಸರಿನ ಯೆಸ್ ಯೋಜನೆ 2002ರಲ್ಲಿ ರೂಪುಗೊಂಡಿತು. ಮುಸ್ಲಿಮರು ಗಣನೀಯ ಸಂಖ್ಯೆಯಲ್ಲಿರುವ ದೇಶಗಳ ಪ್ರೌಢಶಾಲಾ ವಿದ್ಯಾರ್ಥಿಗಳು ಒಂದು ಶೈಕ್ಷಣಿಕ ವರ್ಷವನ್ನು ಅಮೆರಿಕದ ಕುಟುಂಬಗಳ ಜೊತೆ ಕಳೆಯುವ ಯೋಜನೆಯಿದು. ಹಣ ಸರ್ಕಾರದ್ದು, ನಡೆಸುವ ಹೊಣೆ ಎಎಫ್‌ಎಸ್‌ನಂತಹ ಸಂಸ್ಥೆಗಳದು. ಭಾರತದ ವಿದ್ಯಾರ್ಥಿಗಳೂ ಇದರಲ್ಲಿ ಹೋಗಿಬಂದಿದ್ದಾರೆ. 2009ರಲ್ಲಿ ಅಮೆರಿಕದ ವಿದ್ಯಾರ್ಥಿಗಳನ್ನು ಈ ದೇಶಗಳಿಗೆ ಕಳುಹಿಸುವ ಶಾಖೆಯೂ ಸೇರಿತು. ನೋಡಲು ಹೋಗುವುದು ಎಷ್ಟು ಮುಖ್ಯವೋ ನಮ್ಮನ್ನು ನೋಡಲು ಬಿಡುವುದೂ ಅಷ್ಟೇ ಮುಖ್ಯ ಎಂಬುದು ಇದರ ತಾತ್ಪರ್ಯ.

ಇಲ್ಲಿಚ್ ಅವರ ಎಚ್ಚರಿಕೆ

ಇತಿಹಾಸದ ಈ ಹಾದಿಯಲ್ಲಿ ಕಟುವಾದ ಮಾತುಗಳೂ ಕೇಳಿಬಂದವು. 1968ರ ಏಪ್ರಿಲ್‌ನಲ್ಲಿ, ಬೇಸಿಗೆ ರಜೆಯಲ್ಲಿ ಮೆಕ್ಸಿಕೋದ ಹಳ್ಳಿಗಳಿಗೆ ಸೇವೆಗೆಂದು ಹೋಗುತ್ತಿದ್ದ ಅಮೆರಿಕದ ವಿದ್ಯಾರ್ಥಿಗಳ ಸಭೆಗೆ ಚಿಂತಕ ಇವಾನ್ ಇಲ್ಲಿಚ್ ಅವರನ್ನು ಆಹ್ವಾನಿಸಲಾಗಿತ್ತು. ಅವರು ಹೊಗಳಲಿಲ್ಲ. ನಿಮಗೆ ಅಲ್ಲಿಯ ಭಾಷೆ ಬಾರದು, ನೀವು ಮಾಡುವ ಸೇವೆಯ ಬಗ್ಗೆ ಆ ಜನ ಏನು ಭಾವಿಸುತ್ತಾರೆಂದು ತಿಳಿಯುವ ಶಕ್ತಿಯೂ ನಿಮಗಿಲ್ಲ, ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧರಿಸಲು ಮಾತ್ರ ಬರಬೇಡಿ ಎಂಬುದು ಅವರ ಭಾಷಣದ ಸಾರ. ಅರ್ಧ ಶತಮಾನ ಕಳೆದರೂ ಸೇವಾ ಪ್ರವಾಸಗಳ ಚರ್ಚೆಯಲ್ಲಿ ಆ ಭಾಷಣವನ್ನು ಮತ್ತೆ ಮತ್ತೆ ಓದಲಾಗುತ್ತಿದೆ.

ಆ ಎಚ್ಚರಿಕೆ ಸುಳ್ಳಾಗಲಿಲ್ಲ. ಸೇವೆಯೂ ಪ್ರವಾಸೋದ್ಯಮದ ಸರಕಾದಾಗ ಅನಾಹುತಗಳಾದವು. ಕಾಂಬೋಡಿಯ, ನೇಪಾಳದಂತಹ ದೇಶಗಳಲ್ಲಿ ವಿದೇಶಿ ಸ್ವಯಂಸೇವಕರ ಭೇಟಿ ಮತ್ತು ದೇಣಿಗೆಯನ್ನು ನಂಬಿ ಅನಾಥಾಶ್ರಮಗಳು ಹುಟ್ಟಿಕೊಂಡವು. ಅಲ್ಲಿದ್ದ ಬಹಳಷ್ಟು ಮಕ್ಕಳಿಗೆ ತಂದೆ ಅಥವಾ ತಾಯಿ ಜೀವಂತವಾಗಿದ್ದರು. ಬಡ ಹೆತ್ತವರಿಗೆ ಶಿಕ್ಷಣದ ಆಸೆ ತೋರಿಸಿ ಮಕ್ಕಳನ್ನು ಕರೆತರಲಾಗಿತ್ತು. ಎರಡು ವಾರ ಮುದ್ದಿಸಿ ಹೊರಟುಹೋಗುವ ಅತಿಥಿಗಳು ಆ ಮಕ್ಕಳ ಮನಸ್ಸಿಗೆ ಒಂದಾದ ಮೇಲೊಂದು ಅಗಲಿಕೆಯನ್ನೇ ಕೊಟ್ಟರು. ಕರುಣೆ ಇದ್ದಲ್ಲಿ ವಿವೇಕ ಇಲ್ಲದಿದ್ದರೆ ಕರುಣೆಯೇ ವ್ಯಾಪಾರಕ್ಕೆ ಬಂಡವಾಳವಾಗುತ್ತದೆ.

ನಾವು ಕಲಿಯಬೇಕಾದುದು

ಒಂದು ಶತಮಾನದ ಈ ಅನುಭವದಿಂದ ನಮ್ಮಂತಹ ಶೈಕ್ಷಣಿಕ ಸಂಘಟನೆಗಳು ಮತ್ತು ವಿದ್ಯಾರ್ಥಿಗಳು ಕೆಲವು ಪ್ರಶ್ನೆಗಳನ್ನು ಎತ್ತಿಕೊಳ್ಳಬಹುದು. ಯಾವುದೇ ಕಾರ್ಯಕ್ರಮಕ್ಕೆ ಹೆಸರು ಕೊಡುವ ಮೊದಲು ಅಥವಾ ನಾವೇ ಒಂದು ಹಳ್ಳಿಯಲ್ಲಿ ಶಿಬಿರ ಏರ್ಪಡಿಸುವ ಮೊದಲು ಅವುಗಳನ್ನು ಕೇಳಿಕೊಳ್ಳುವುದು ಒಳ್ಳೆಯದು.

ಮೊದಲನೆಯದು, ಕರೆದವರು ಯಾರು? ಆ ಊರಿನವರೇ ಬಯಸಿದ ಕೆಲಸವೇ, ನಾವು ಕಲ್ಪಿಸಿಕೊಂಡ ಕೆಲಸವೇ? ಎರಡನೆಯದು, ನಾವು ಮಾಡುವ ಕೆಲಸ ಅಲ್ಲಿಯ ಒಬ್ಬ ಕೂಲಿಕಾರನ ಅಥವಾ ಶಿಕ್ಷಕನ ಅನ್ನವನ್ನು ಕಸಿಯುತ್ತದೆಯೇ? ಮೂರನೆಯದು, ನಾವು ಹೊರಟ ಬಳಿಕ ಅದನ್ನು ನೋಡಿಕೊಳ್ಳುವವರು ಯಾರು? ಕಟ್ಟಿದ ಗ್ರಂಥಾಲಯಕ್ಕೆ ಬೀಗ ಬಿದ್ದರೆ ಕಟ್ಟಿದ ಪ್ರಯೋಜನವೇನು? ನಾಲ್ಕನೆಯದು, ದಾರಿ ಎರಡೂ ಕಡೆಗಿದೆಯೇ? ನಾವು ಅವರ ಮನೆಗೆ ಹೋದಂತೆ ಅವರೂ ನಮ್ಮ ಮನೆಗೆ ಬರಬಲ್ಲರೇ? ಒಂದೇ ಕಡೆಗೆ ಸಾಗುವ ದಾರಿಯಲ್ಲಿ ದಾನ ನಡೆಯಬಹುದು, ಸಹಭಾಗಿತ್ವ ನಡೆಯದು.

ಎಸ್ನ್‌ನಲ್ಲಿ ಸೆರೆಸೋಲ್ ಬಾಗಿಲು ತೆರೆಯದೆ ಮರಳಬೇಕಾಯಿತು. ಬಿಹಾರದಲ್ಲಿ ಅವರು ತಂದ ಶ್ರಮಕ್ಕಿಂತ ಅವರು ಬಂದ ರೀತಿ ದೊಡ್ಡದಾಯಿತು. ಅವರು ಒಮ್ಮೆ ಬಂದು ಫೋಟೋ ತೆಗೆಸಿಕೊಂಡು ಹೋಗಲಿಲ್ಲ, ಮತ್ತೆ ಮತ್ತೆ ಮರಳಿ ಬಂದರು. ಬಹುಶಃ ಸೇವೆಗೂ ಪ್ರವಾಸಕ್ಕೂ ಇರುವ ವ್ಯತ್ಯಾಸ ಅಷ್ಟೇ. ನಮ್ಮ ವಿದ್ಯಾರ್ಥಿಗಳು ದೂರದ ದೇಶಗಳಿಗೆ ಹೋಗಲಿ, ಅಲ್ಲಿಯ ಮನೆಗಳಲ್ಲಿ ಉಳಿಯಲಿ, ಭಾಷೆ ಕಲಿಯಲಿ, ಅಲ್ಲಿಯವರ ಕಷ್ಟಸುಖ ಕೇಳಲಿ. ಆದರೆ ಬಸ್ಸಿನಲ್ಲಿ ಒಂದು ಗಂಟೆಯ ದೂರದಲ್ಲಿರುವ, ಬೇರೆ ಭಾಷೆ ಆಡುವ, ಬೇರೆ ರೀತಿಯಲ್ಲಿ ಪ್ರಾರ್ಥಿಸುವ ನೆರೆಯೂರಿನವರ ಹೊಸ್ತಿಲನ್ನು ಒಮ್ಮೆಯೂ ದಾಟದವನಿಗೆ ಸಾಗರ ದಾಟಿದರೂ ಹೆಚ್ಚೇನೂ ಕಾಣಿಸದು. ಅಭ್ಯಾಸವನ್ನು ಅಲ್ಲಿಂದಲೇ ಆರಂಭಿಸೋಣ.