ಕಿರ್ಮಾನಿ ದೊಡ್ಡವರೋ, ಧೋನಿ ದೊಡ್ಡವರೋ?



ಹಳೆಯ ವಿದ್ಯಾರ್ಥಿಯೊಬ್ಬನ ಮಗಳ ಮದುವೆಗೆಂದು ಈಚೆಗೆ ಅಲೀಪುರಕ್ಕೆ ಹೋಗಿದ್ದೆ. ಗೌರಿಬಿದನೂರು ತಾಲ್ಲೂಕಿನ ಈ ಊರಿನಲ್ಲಿ ನಾನು ಪಾಠ ಹೇಳುತ್ತಿದ್ದಾಗ ಅದು ಕೋಲಾರ ಜಿಲ್ಲೆಗೆ ಸೇರಿತ್ತು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಾಲಾಯಿತು. ಜಿಲ್ಲೆ ಬದಲಾದರೂ ಊರಿನ ಕಸುಬು ಬದಲಾಗಿಲ್ಲ. ಹರಳುಗಳಿಗೆ ಸಾಣೆ ಹಿಡಿಯುವ ಕೈಗಳು ಅಲ್ಲಿ ಇಂದಿಗೂ ಇವೆ. ಊರಿನ ಹಠವೂ ಬದಲಾಗಿಲ್ಲ. ಕ್ರಿಕೆಟ್ಟಿನ ಮಾತೆತ್ತಿದರೆ ಸೋಲೊಪ್ಪುವವರು ಯಾರೂ ಇಲ್ಲ!

ಊಟವಾದ ಮೇಲೆ ಶಾಮಿಯಾನದ ಕೆಳಗೆ ವಾಗ್ವಾದ ಹತ್ತಿಕೊಂಡಿತು. ಭಾರತದ ಅತ್ಯುತ್ತಮ ವಿಕೆಟ್ ಕೀಪರ್ ಯಾರು? ಹುಡುಗರೆಲ್ಲ ಮಹೇಂದ್ರ ಸಿಂಗ್ ಧೋನಿಯ ಕಡೆ. ಐವತ್ತು ದಾಟಿದವರೆಲ್ಲ ನಮ್ಮ ಸೈಯದ್ ಕಿರ್ಮಾನಿಯವರ ಕಡೆ. ಹುಡುಗನೊಬ್ಬ ಮೊಬೈಲ್ ಎತ್ತಿ ಹಿಡಿದು, "ಕಿರ್ಮಾನಿ 88 ಟೆಸ್ಟುಗಳಲ್ಲಿ ಔಟ್ ಮಾಡಿದ್ದು 198 ಜನರನ್ನು. ಧೋನಿ 90 ಟೆಸ್ಟುಗಳಲ್ಲಿ 294. ಇನ್ನೇನಿದೆ ಮಾತು?" ಎಂದ. "ನೀನು ಅಂಕಿ ನೋಡಿದ್ದೀಯ, ಆಟ ನೋಡಿಲ್ಲ" ಎಂದರು ಹಿರಿಯರು. ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿ, "ಮೇಷ್ಟ್ರೇ, ನೀವೇ ತೀರ್ಪು ಹೇಳಿ" ಎಂದರು. "ಬರೆದು ತಿಳಿಸುತ್ತೇನೆ" ಎಂದು ಜಾರಿಕೊಂಡೆ. ಹಾಗೆ ಜಾರಿಕೊಳ್ಳಲು ಬೇರೊಂದು ಕಾರಣವಿತ್ತು. ಅದನ್ನು ಕಡೆಯಲ್ಲಿ ಹೇಳುವೆ.

ಮೊದಲು ಆ ಹುಡುಗನ ಅಂಕಿಗಳನ್ನೇ ಪರಿಶೀಲಿಸೋಣ. ಅವು ಸುಳ್ಳಲ್ಲ. ಆದರೆ ಅವನು ಅವುಗಳನ್ನು ಬಿಡಿಸಿ ನೋಡಿರಲಿಲ್ಲ. ಧೋನಿಯವರ 294ರಲ್ಲಿ 256 ಕ್ಯಾಚುಗಳು, 38 ಸ್ಟಂಪಿಂಗುಗಳು. ಕಿರ್ಮಾನಿಯವರ 198ರಲ್ಲಿ 160 ಕ್ಯಾಚುಗಳು, 38 ಸ್ಟಂಪಿಂಗುಗಳು. ಸ್ಟಂಪಿಂಗುಗಳ ಸಂಖ್ಯೆ ಇಬ್ಬರದೂ ಒಂದೇ! ಹಾಗಾದರೆ ಇಬ್ಬರ ನಡುವಿನ ಅಂತರವೆಲ್ಲ ಕ್ಯಾಚುಗಳದು. ವೇಗದ ಬೌಲರುಗಳು ಎಸೆದ ಚೆಂಡು ಬ್ಯಾಟಿನ ಅಂಚು ಸವರಿ ಹಿಂದಕ್ಕೆ ಹಾರುವುದರಿಂದಲೇ ಕೀಪರನಿಗೆ ಕ್ಯಾಚುಗಳು ಹೆಚ್ಚಾಗಿ ದೊರೆಯುವುದು. ಕಿರ್ಮಾನಿಯವರು ತಂಡಕ್ಕೆ ಬಂದ ಕಾಲದಲ್ಲಿ ಭಾರತದ ಬಲವೆಲ್ಲ ಇದ್ದುದು ಸ್ಪಿನ್ ಬೌಲಿಂಗಿನಲ್ಲಿ. ಪ್ರಸನ್ನ, ಚಂದ್ರಶೇಖರ್, ಬೇಡಿ, ವೆಂಕಟರಾಘವನ್ ಇವರ ಚೆಂಡುಗಳಿಗೆ ಕೀಪರನು ಸ್ಟಂಪುಗಳಿಗೆ ಅಂಟಿಕೊಂಡೇ ನಿಲ್ಲಬೇಕಿತ್ತು. ಪೋಲಿಯೋದಿಂದ ಬಡವಾದ ಬಲಗೈಯಲ್ಲಿ ಚಂದ್ರಶೇಖರ್ ಎಸೆಯುತ್ತಿದ್ದ ಚೆಂಡು ಎತ್ತ ತಿರುಗುವುದೆಂದು ಬ್ಯಾಟುಗಾರನಿಗೇ ತಿಳಿಯುತ್ತಿರಲಿಲ್ಲ. ಅದೇ ಚೆಂಡನ್ನು ಬ್ಯಾಟುಗಾರನ ಮೈ ಮರೆಯಾಗಿದ್ದರೂ ಹಿಂದೆ ಕುಳಿತವನು ಹಿಡಿಯಬೇಕು.

ಆದ್ದರಿಂದ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಧೋನಿಯವರಿಗೆ ನಾಯಕತ್ವದ ಭಾರವೂ ಇತ್ತು. 2007ರ ಟಿ-20 ವಿಶ್ವಕಪ್ಪನ್ನೂ 2011ರ ಏಕದಿನ ವಿಶ್ವಕಪ್ಪನ್ನೂ ಅವರ ನಾಯಕತ್ವದಲ್ಲೇ ಗೆದ್ದೆವು. ಟೆಸ್ಟಿನಲ್ಲಿ ಅವರ ರನ್ನುಗಳು 4,876, ಕಿರ್ಮಾನಿಯವರದು 2,759. ಇದನ್ನು ಅಲ್ಲಗಳೆಯುವ ಹಿರಿಯರದೂ ಬರಿಯ ಅಭಿಮಾನವೇ.

ಇನ್ನು ಕಿರ್ಮಾನಿಯವರ ಕಥೆ. 1949ರಲ್ಲಿ ಮದರಾಸಿನಲ್ಲಿ ಹುಟ್ಟಿ, ಕರ್ನಾಟಕದ ಪರವಾಗಿ ಆಡಿ ಬೆಳೆದವರು. ಬಾಲ್ಯದಲ್ಲಿ ಗ್ಲೌಸ್ ಇಲ್ಲದೆ ಇಟ್ಟಿಗೆಗಳನ್ನು ಹಿಡಿದು ಚೆಂಡು ತಡೆಯುತ್ತಿದ್ದರೆಂದು ಅವರೇ ಹೇಳಿಕೊಂಡಿದ್ದಾರೆ. 1971ರ ಇಂಗ್ಲೆಂಡ್ ಪ್ರವಾಸಕ್ಕೆ ಆಯ್ಕೆಯಾದರೂ ಫರೂಕ್ ಇಂಜಿನಿಯರ್ ಅವರ ನೆರಳಿನಲ್ಲಿ ವರ್ಷಗಟ್ಟಲೆ ಕಾಯಬೇಕಾಯಿತು. ಅವಕಾಶ ದೊರೆತದ್ದು 1976ರ ಜನವರಿಯಲ್ಲಿ, ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ. ಎರಡನೆಯ ಟೆಸ್ಟಿನಲ್ಲಿಯೇ ಒಂದು ಇನಿಂಗ್ಸಿನಲ್ಲಿ ಆರು ಮಂದಿಯನ್ನು ಔಟ್ ಮಾಡಿ ಅಂದಿನ ವಿಶ್ವದಾಖಲೆಯನ್ನು ಸರಿಗಟ್ಟಿದರು.

ಇಷ್ಟಾದರೂ 1979ರಲ್ಲಿ ವಿಶ್ವಕಪ್ಪಿಗೂ ಇಂಗ್ಲೆಂಡ್ ಪ್ರವಾಸಕ್ಕೂ ಅವರನ್ನು ಕೈಬಿಟ್ಟರು. ಅವರ ಜಾಗದಲ್ಲಿ ಹೋದವರು ಸುರಿಂದರ್ ಖನ್ನಾ ಮತ್ತು ಭರತ್ ರೆಡ್ಡಿ. ಅದೇ ವರ್ಷ ಆಸ್ಟ್ರೇಲಿಯದವರು ಭಾರತಕ್ಕೆ ಬಂದಾಗ ಕಿರ್ಮಾನಿಯವರು ಮತ್ತೆ ತಂಡ ಸೇರಿದರು. ಮುಂಬಯಿ ಟೆಸ್ಟಿನಲ್ಲಿ ಸಂಜೆಯ ಹೊತ್ತು ವಿಕೆಟ್ ಕಾಯಲೆಂದು ಮೊದಲೇ ಕಳುಹಿಸಿದರೆ, ಔಟಾಗದೆ 101 ರನ್ ಹೊಡೆದು ಬಂದರು. 1981-82ರಲ್ಲಿ ಇಂಗ್ಲೆಂಡಿನ ಎದುರು ಸತತ ಮೂರು ಟೆಸ್ಟುಗಳಲ್ಲಿ ಒಂದೇ ಒಂದು ಬೈ ಕೊಡಲಿಲ್ಲ. ಆ ಅವಧಿಯಲ್ಲಿ ಎದುರಾಳಿಗಳು 1,900ಕ್ಕೂ ಹೆಚ್ಚು ರನ್ ಹೊಡೆದಿದ್ದರು. ಆಟದ ಪರಿಚಯವಿಲ್ಲದವರಿಗೆ ಹೇಳುವುದಾದರೆ, ಬ್ಯಾಟಿಗೂ ಮೈಗೂ ತಾಗದ ಚೆಂಡು ಕೀಪರನನ್ನು ದಾಟಿ ಹೋದಾಗ ಓಡುವ ರನ್ನೇ ಬೈ.

ಆ ಸೊನ್ನೆಯ ಮೇಲೆ ಸ್ವಲ್ಪ ಮನಸ್ಸು ನಿಲ್ಲಿಸಿ. ಬ್ಯಾಟುಗಾರನ ಸಾಧನೆ ಸೇರಿಸುತ್ತ ಹೋಗುವ ಲೆಕ್ಕ. ಕೀಪರನ ಸಾಧನೆಯ ಬಹುಪಾಲು ನಡೆಯದೇ ಹೋದದ್ದರ ಲೆಕ್ಕ. ಹಿಡಿದ ನೂರು ಚೆಂಡುಗಳನ್ನು ಯಾರೂ ಬರೆದಿಡುವುದಿಲ್ಲ. ಬಿಟ್ಟ ಒಂದು ಚೆಂಡನ್ನು ಯಾರೂ ಮರೆಯುವುದಿಲ್ಲ.

1983ರ ವಿಶ್ವಕಪ್ಪನ್ನೇ ನೋಡಿ. ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆಯ ಎದುರು ಭಾರತ 17 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ಕಪಿಲ್ ದೇವ್ ಔಟಾಗದೆ 175 ರನ್ ಹೊಡೆದರೆಂದು ಮಕ್ಕಳಿಗೂ ಗೊತ್ತು. 140ಕ್ಕೆ 8ನೆಯ ವಿಕೆಟ್ ಬಿದ್ದ ಮೇಲೆ ಅವರ ಜೊತೆ ನಿಂತವರಾರು? ಕಿರ್ಮಾನಿ. ಮುರಿಯದ ಒಂಬತ್ತನೆಯ ವಿಕೆಟ್ಟಿಗೆ ಬಂದದ್ದು 126 ರನ್. ಅದರಲ್ಲಿ ಕಿರ್ಮಾನಿಯವರದು 56 ಚೆಂಡುಗಳಲ್ಲಿ 24. ಆ ಪಂದ್ಯದ ಚಿತ್ರೀಕರಣವೇ ಉಳಿದಿಲ್ಲ. ನೆನಪಿನಲ್ಲಿ 175 ಉಳಿಯಿತು, 24 ಅಳಿಸಿಹೋಯಿತು. ಜೂನ್ 25ರ ಫೈನಲ್ಲಿನಲ್ಲಿ ಸಂಧು ಅವರ ಬೌಲಿಂಗಿನಲ್ಲಿ ಬ್ಯಾಕಸ್‌ನ ಕ್ಯಾಚನ್ನು ಹಾರಿ ಹಿಡಿದಾಗ ವೆಸ್ಟ್ ಇಂಡೀಸ್ 76ಕ್ಕೆ 6. ಆ ಟೂರ್ನಿಯ ಅತ್ಯುತ್ತಮ ವಿಕೆಟ್ ಕೀಪರ್ ಎಂಬ ಗೌರವವೂ ಅವರಿಗೇ ಸಂದಿತು. ನಾವೆಲ್ಲ ಅಲೀಪುರದಲ್ಲಿ ರೇಡಿಯೋ ಸುತ್ತ ಕುಳಿತಿದ್ದ ಆ ರಾತ್ರಿ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು.

ಎರಡೇ ವರ್ಷಗಳಲ್ಲಿ ಅವರ ಸ್ಥಾನಕ್ಕೆ ನಮ್ಮ ಕರ್ನಾಟಕದವರೇ ಆದ ಸದಾನಂದ ವಿಶ್ವನಾಥ್ ಬಂದರು. 1985ರ ಆಸ್ಟ್ರೇಲಿಯದ ಟೂರ್ನಿಯಲ್ಲಿ ಈ ಯುವಕನ ಚುರುಕು ಕಂಡು ಚಹಾ ಅಂಗಡಿಯಲ್ಲಿ ಅಂದು ಕಿರ್ಮಾನಿಯವರ ವಿರುದ್ಧ ವಾದ ಮಾಡಿದವರು ಯಾರು ಬಲ್ಲಿರಾ? ಇಂದು ಶಾಮಿಯಾನದ ಕೆಳಗೆ ಅವರ ಪರವಾಗಿ ಕೂಗಾಡಿದ ಹಿರಿಯರೇ! ನಾನೂ ಅವರಲ್ಲೊಬ್ಬ. 1986ರ ಜನವರಿಯ ಸಿಡ್ನಿ ಟೆಸ್ಟೇ ಕಿರ್ಮಾನಿಯವರ ಕೊನೆಯ ಟೆಸ್ಟ್ ಆಯಿತು. ಆಡುವಾಗ ತೂಗಿ ನೋಡದವರು, ನಿವೃತ್ತರಾದ ಮೇಲೆ ತೂಗಲು ಹೊರಟಿದ್ದೇವೆ.

ಈಗ ಆ ಬೇರೊಂದು ಕಾರಣ.

ವಿಶ್ವಕಪ್ ಗೆದ್ದ ಮರುವರ್ಷ ನಮ್ಮ ಹುಡುಗರ ತಂಡಕ್ಕೊಬ್ಬ ಕೀಪರನಿದ್ದ. ಸಣಕಲು ಮೈ, ಮಾತು ಕಡಿಮೆ. ತನ್ನ ಕೈಗಿಂತ ದೊಡ್ಡದಾದ ಹಳೆಯ ಗ್ಲೌಸಿನಲ್ಲೇ ಚೆಂಡು ಹಿಡಿಯುತ್ತಿದ್ದ. ಒಂದು ಪಂದ್ಯದಲ್ಲಿ ಅವನು ಒಂದು ಕ್ಯಾಚ್ ಬಿಟ್ಟ. ಮುಂದಿನ ಪಂದ್ಯಕ್ಕೆ, ಚೆನ್ನಾಗಿ ಬ್ಯಾಟ್ ಮಾಡುತ್ತಿದ್ದ ಬೇರೊಬ್ಬನನ್ನು ಕೀಪರನಾಗಿ ನಿಲ್ಲಿಸಿದೆ. ಆ ಪಂದ್ಯ ಗೆದ್ದೆವು. ಗೆದ್ದದ್ದರಿಂದ ನನ್ನ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ, ನನ್ನ ಕಣ್ಣಿಗೂ. ಮರುದಿನ ಬೆಳಿಗ್ಗೆ ಗ್ಲೌಸನ್ನು ಒರೆಸಿ, ಬಟ್ಟೆಯ ಚೀಲದಲ್ಲಿಟ್ಟು ನನ್ನ ಮೇಜಿನ ಮೇಲೆ ಇರಿಸಿ ಹೋದ. ಮತ್ತೆಂದೂ ಅವನು ಮೈದಾನಕ್ಕೆ ಬರಲಿಲ್ಲ. ನಾನೂ ಕರೆಯಲಿಲ್ಲ. ತರಗತಿಯಲ್ಲಿ ಮಾತ್ರ, 1979ರಲ್ಲಿ ಕಿರ್ಮಾನಿಗೆ ಅನ್ಯಾಯವಾಯಿತೆಂದು ಆವೇಶದಿಂದ ಹೇಳುತ್ತಿದ್ದೆ.

ಮದುವೆಯ ದಿನ ಆತ ನಮ್ಮೆಲ್ಲರ ತಟ್ಟೆಗೆ ಬಡಿಸುತ್ತಿದ್ದ. ಈಗ ತಲೆ ನರೆತಿದೆ. ಹರಳು ಸಾಣೆಯ ಕೆಲಸದಲ್ಲಿದ್ದಾನೆ. ವಾದ ಕಾವೇರಿದಾಗ ಯಾರೋ, "ನೀನೂ ಕೀಪರ್ ಆಗಿದ್ದೆಯಲ್ಲ, ನೀನು ಹೇಳು" ಎಂದರು. ಆತ ನನ್ನ ಕಡೆ ನೋಡಿ ನಸುನಕ್ಕು, "ಕಿರ್ಮಾನಿ ಸಾಹೇಬರು ಅದೃಷ್ಟವಂತರು ಮೇಷ್ಟ್ರೇ. ಅವರನ್ನು ಬಿಟ್ಟವರು ಮತ್ತೆ ಕರೆದರು" ಎಂದ. ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ತೀರ್ಪು ಕೇಳಿದಾಗ ನಾನು ಬಾಯಿ ಬಿಡದಿದ್ದುದು ಇದರಿಂದ.

ಆದರೂ ಕೊಟ್ಟ ಮಾತಿನಂತೆ ತೀರ್ಪು ಹೇಳಲೇಬೇಕು. ನಾಯಕತ್ವ, ಬ್ಯಾಟಿಂಗ್ ಎಲ್ಲ ಸೇರಿಸಿ ನೋಡಿದರೆ ಧೋನಿ ದೊಡ್ಡ ಆಟಗಾರ. ಸ್ಟಂಪುಗಳ ಹಿಂದಿನ ಕೆಲಸವೊಂದನ್ನೇ ನೋಡಿದರೆ ನಾನು ಕಿರ್ಮಾನಿಯವರ ಕಡೆ. ಹುಡುಗರು ಇದನ್ನು ಒಪ್ಪಬೇಕಾಗಿಲ್ಲ. ಆದರೆ ಅಂಕಿಗಳನ್ನು ತೋರಿಸುವಾಗ ಅವುಗಳಲ್ಲಿ ಸೇರದೆ ಹೋದದ್ದೇನೆಂದು ಒಮ್ಮೆ ಯೋಚಿಸಲಿ. ಮೂವತ್ತಕ್ಕೂ ಹೆಚ್ಚು ವರ್ಷ ಅಂಕಪಟ್ಟಿ ಬರೆದ ನನ್ನಂಥವನು ಅದನ್ನು ಬೇಗ ಕಲಿಯಬೇಕಿತ್ತು.

ಇದನ್ನು ಅವನ ಮಗನಾದರೂ ಓದಿ ಹೇಳುವನೆಂದು ನಂಬಿದ್ದೇನೆ. ಅಪ್ಪಾ, ಅಂದು ನೀನು ಬಿಟ್ಟದ್ದು ಒಂದು ಕ್ಯಾಚ್. ನಾನು ಬಿಟ್ಟದ್ದು ಒಬ್ಬ ಕೀಪರನನ್ನು. ತಡವಾಗಿಯಾದರೂ ಒಪ್ಪಿಕೊಳ್ಳುತ್ತಿದ್ದೇನೆ. ಕ್ಷಮೆಯಿರಲಿ.

ಎಲ್ಲರಿಗೂ ಶುಭವಾಗಲಿ.

ನಿಮ್ಮ ಮೇಷ್ಟ್ರು