ಗುಪ್ತ ರೋಗದಿಂದ ಗೋಪ್ಯ ಚಿಕಿತ್ಸೆಯವರೆಗೆ

ಕರ್ನಾಟಕದ ಊರುಗಳಲ್ಲಿ ಬೆಳೆದವರಿಗೆ ಬಸ್ ನಿಲ್ದಾಣದ ಗೋಡೆಗಳ ಮೇಲಿನ ‘ಗುಪ್ತ ರೋಗಗಳಿಗೆ ಚಿಕಿತ್ಸೆ’ ಎಂಬ ಜಾಹೀರಾತುಗಳು ನೆನಪಿರಬಹುದು. ರೋಗಕ್ಕೆ ‘ಗುಪ್ತ’ ಎಂಬ ವಿಶೇಷಣ ಅಂಟಿದೊಡನೆ ನಾಚಿಕೆಯೂ ಅದಕ್ಕೆ ಅಂಟಿಕೊಂಡಿತು. ಆದರೆ ನಾಚಿಕೆಯಿಂದ ರೋಗವನ್ನು ಮುಚ್ಚಿಡುವುದು ಬೇರೆ, ಗೋಪ್ಯವಾಗಿ ಚಿಕಿತ್ಸೆ ಪಡೆಯುವುದು ಬೇರೆ. ನಾವೀಗ ನೆಲೆಸಿರುವ ಬ್ರಿಟನ್ ಈ ಭೇದವನ್ನು ನೂರು ವರ್ಷಗಳ ಹಿಂದೆಯೇ ಅರಿತುಕೊಂಡಿತು.

1913ರಲ್ಲಿ ಇಲ್ಲಿನ ಸರ್ಕಾರ ಲೈಂಗಿಕ ರೋಗಗಳ ಕುರಿತು ರಾಯಲ್ ಆಯೋಗವೊಂದನ್ನು ನೇಮಿಸಿತು. ದೊಡ್ಡ ನಗರಗಳಲ್ಲಿ ಜನಸಂಖ್ಯೆಯ ಶೇಕಡಾ 10ಕ್ಕಿಂತ ಕಡಿಮೆಯಿಲ್ಲದಷ್ಟು ಮಂದಿಗೆ ಸಿಫಿಲಿಸ್ ತಗುಲಿದೆಯೆಂದು ಆಯೋಗ 1916ರ ವರದಿಯಲ್ಲಿ ಅಂದಾಜಿಸಿತು. ಅದೇ ವರ್ಷ ಜಾರಿಗೆ ಬಂದ ನಿಯಮಗಳು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಉಚಿತ ಹಾಗೂ ಗೋಪ್ಯ ಚಿಕಿತ್ಸೆಗೆ ಏರ್ಪಾಡು ಮಾಡಿದವು. ವೆಚ್ಚದ ಮುಕ್ಕಾಲು ಪಾಲನ್ನು ಕೇಂದ್ರ ಸರ್ಕಾರವೇ ಭರಿಸಿತು. ರೋಗಿ ತನ್ನ ಊರನ್ನು ಬಿಟ್ಟು ಬೇರೆ ಊರಿನ ಚಿಕಿತ್ಸಾಲಯಕ್ಕೂ ಹೋಗಬಹುದಾಗಿತ್ತು. ಗುಟ್ಟು ಕಾಯುವ ಭರವಸೆಯಿಲ್ಲದಿದ್ದರೆ ಜನ ಬಾಗಿಲಿಗೇ ಬಾರರೆಂಬ ತಿಳಿವಳಿಕೆ ಇದರ ಹಿಂದಿತ್ತು. 1917ರ ಕಾಯಿದೆ ನಕಲಿ ವೈದ್ಯರ ಚಿಕಿತ್ಸೆಗೂ ಜಾಹೀರಾತಿಗೂ ತಡೆಯೊಡ್ಡಿತು. ಭಾರತದಲ್ಲಿ ಇಂಥ ಜಾಹೀರಾತುಗಳನ್ನು ನಿಷೇಧಿಸುವ ಕಾಯಿದೆ ಬಂದದ್ದು 1954ರಲ್ಲಿ.

ಈ ತತ್ತ್ವ ನಮಗೆ ಪರಕೀಯವೇನಲ್ಲ. ರೋಗಿಯ ಮನೆಯಲ್ಲಿ ಕಂಡದ್ದನ್ನು ವೈದ್ಯನು ಹೊರಗೆ ಆಡಬಾರದೆಂದು ಚರಕಸಂಹಿತೆಯ ವಿಮಾನಸ್ಥಾನವೂ ವಿಧಿಸುತ್ತದೆ.

ಸೋಂಕಿಗೆ ಔಷಧ ದೊರೆಯಿತು. ಮನಸ್ಸಿನ ನೋವಿಗೆ ಹೆಸರು ದೊರೆಯಲು ಮಾತ್ರ ಇನ್ನೂ ಬಹುಕಾಲ ಹಿಡಿಯಿತು. ಲೈಂಗಿಕ ವರ್ತನೆಯ ಗೀಳನ್ನು 19ನೆಯ ಶತಮಾನದ ವೈದ್ಯರು ಬಹುಮಟ್ಟಿಗೆ ನೈತಿಕ ಪತನವೆಂದೇ ಕಂಡರು. 1886ರಲ್ಲಿ ಕ್ರಾಫ್ಟ್-ಎಬಿಂಗ್ ಅದನ್ನು ವಿಕೃತಿಗಳ ಸಾಲಿನಲ್ಲಿ ವರ್ಣಿಸಿದನು. 1980ರ ದಶಕದಲ್ಲಿ ಅಮೆರಿಕದಲ್ಲಿ ‘ವ್ಯಸನ’ ಎಂಬ ಪದ ಪ್ರಚಾರಕ್ಕೆ ಬಂದಿತು. 2013ರಲ್ಲಿ ಪ್ರಕಟವಾದ ಅಮೆರಿಕದ ಮನೋವೈದ್ಯರ ಕೈಪಿಡಿ ಅದನ್ನು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿಕೊಳ್ಳಲಿಲ್ಲ. ಕಡೆಗೆ 2019ರಲ್ಲಿ ಅಂಗೀಕೃತವಾಗಿ 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯು ಅದನ್ನು ಆವೇಗ ನಿಯಂತ್ರಣದ ತೊಂದರೆಗಳಲ್ಲಿ ಸೇರಿಸಿತು.

ಆ ಪಟ್ಟಿ ಹಾಕಿರುವ ಗೆರೆ ನಮ್ಮ ಕುಟುಂಬಗಳಿಗೆ ಮುಖ್ಯವಾದುದು. ಸಾಮಾನ್ಯವಾಗಿ ಆರು ತಿಂಗಳು ಅಥವಾ ಹೆಚ್ಚು ಕಾಲ ಹತೋಟಿ ತಪ್ಪಿ, ಆರೋಗ್ಯ, ಉದ್ಯೋಗ, ದಾಂಪತ್ಯಗಳು ಕುಸಿಯುತ್ತಿದ್ದರೂ ನಿಲ್ಲಿಸಲಾಗದಿದ್ದರೆ ಅದು ಕಾಯಿಲೆ. ‘ನಾನು ಪಾಪ ಮಾಡಿದೆ’ ಎಂಬ ಕೊರಗು ಮಾತ್ರವೇ ಕಾಯಿಲೆಯಲ್ಲ. ಮಡಿವಂತಿಕೆಯ ಮನೆಗಳಲ್ಲಿ ಬೆಳೆದ ಎಷ್ಟೋ ಮಂದಿಗೆ ಈ ಒಂದು ಮಾತೇ ಅರ್ಧ ಭಾರ ಇಳಿಸೀತು. ಕೆಲವೊಮ್ಮೆ ಬೈಪೋಲಾರ್ ಕಾಯಿಲೆಯ ಉನ್ಮಾದದಲ್ಲಿ, ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಕೆಲವು ಔಷಧಗಳಿಂದಲೂ ಇಂಥ ವರ್ತನೆ ತಲೆದೋರುತ್ತದೆ. ಆದುದರಿಂದ ವೈದ್ಯರ ತಪಾಸಣೆ ಅಗತ್ಯ. ಆಪ್ತಸಮಾಲೋಚನೆ, ಆಲೋಚನೆ-ವರ್ತನೆಗಳನ್ನು ತಿದ್ದುವ ಚಿಕಿತ್ಸೆ, ಜೊತೆಗಿರುವ ಖಿನ್ನತೆಗೆ ಔಷಧ ಇವು ಚಿಕಿತ್ಸೆಯ ದಾರಿಗಳು.

ಹೀಗಿದ್ದೂ ನಮ್ಮವರು ಹಿಂಜರಿಯುವುದೇಕೆ? ಗಂಡ ಹೆಂಡಿರಿಬ್ಬರಿಗೂ ಒಬ್ಬರೇ ಜಿಪಿ. ಕೆಲವೊಮ್ಮೆ ಆ ವೈದ್ಯರು ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕುಳಿತಿರುತ್ತಾರೆ. ಆದರೂ ಒಬ್ಬರು ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ತಿಳಿಸುವ ಹಕ್ಕು ವೈದ್ಯರಿಗಿಲ್ಲ. ಈ ಕಟ್ಟಳೆ ರಿಸೆಪ್ಷನ್ ಸಿಬ್ಬಂದಿಗೂ ದುಭಾಷಿಗಳಿಗೂ ಅನ್ವಯಿಸುತ್ತದೆ. ಮಗುವಿಗೋ ಮತ್ತೊಬ್ಬರಿಗೋ ಗಂಭೀರ ಅಪಾಯವಿರುವಂಥ ಸಂದರ್ಭಗಳು ಇದಕ್ಕೆ ಅಪವಾದ. ಆ ಮಿತಿಯನ್ನು ಮೊದಲ ಭೇಟಿಯಲ್ಲೇ ಕೇಳಿ ತಿಳಿಯಬಹುದು. ಪರಿಚಿತ ವೈದ್ಯರು ಬೇಡವೆನಿಸಿದರೆ ಅದೇ ಚಿಕಿತ್ಸಾಲಯದ ಬೇರೆ ವೈದ್ಯರನ್ನು ಕೇಳಬಹುದು. ಖಾಸಗಿ ಚಿಕಿತ್ಸಕರ ಬಳಿಗೆ ಹೋಗುವುದಾದರೆ ಅವರು ಯಾವ ವೃತ್ತಿಸಂಸ್ಥೆಯಲ್ಲಿ ನೋಂದಾಯಿತರೆಂದು ವಿಚಾರಿಸುವುದು ಲೇಸು.

ತಾಯ್ನಾಡಿನಲ್ಲಿರುವ ಬಂಧುಗಳಿಗೂ ಈ ರಕ್ಷಣೆಯಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಸಾರಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಮತ್ತು ಅಂತರ್ಜಾಲದ ಗೀಳಿಗೆಂದೇ 2014ರಿಂದ ಪ್ರತ್ಯೇಕ ಚಿಕಿತ್ಸಾಲಯ ನಡೆಯುತ್ತಿದೆ.

1916ರಲ್ಲಿ ರೋಗಿಗೆ ಬೇಕಾದದ್ದು ಗುಟ್ಟು ಉಳಿಸುವ ಒಂದು ಬಾಗಿಲು. ಇಂದು ಬೇಕಾದದ್ದೂ ಅದೇ. ಅದು ತೆರೆದೇ ಇದೆ. ಫೋನಿನಲ್ಲಿ ರಿಸೆಪ್ಷನ್ ಸಿಬ್ಬಂದಿ ಕಾರಣ ಕೇಳಿದರೆ ‘ವೈಯಕ್ತಿಕ ವಿಷಯ, ವೈದ್ಯರಲ್ಲೇ ಹೇಳುತ್ತೇನೆ’ ಎಂದರೆ ಸಾಕು.